ಹಿತ್ತಲ ಕೊಳದ ನೀರು ದಿನಾ ಒಂದಿಂಚಿಗಿಂತ ಜಾಸ್ತಿ ಇಳೀತಿದೆ, ಎಲ್ಲಿ ಸೋರ್ತಿದೆ ಅಂತ ಕಂಡುಹಿಡಿಯೋದು ಹೆಂಗೆ?

ನೈದಿಲೆಕೊಳ (ತುಮಕೂರು)

ಎಲ್ರಿಗೂ ನಮಸ್ಕಾರ. ನಮ್ಮನೆ ಹಿತ್ತಲಲ್ಲಿ ಒಂದು ಪುಟ್ಟ ಕೊಳ ಇದೆ, 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಆಳ. ಇಟ್ಟಿಗೆ ಕಟ್ಟಿ ಒಳಗಡೆ ಸಿಮೆಂಟ್ ಗಾರೆ ಮಾಡ್ಸಿರೋದು, ಶೀಟ್ ಗೀಟ್ ಏನೂ ಇಲ್ಲ. ಟಬ್ಬಲ್ಲಿ ತಾವರೆ ನೈದಿಲೆ ಇಟ್ಟಿದೀವಿ, ಗಪ್ಪಿ ಮೀನು ಲೆಕ್ಕ ಇಲ್ಲ, ಕೋಯಿ ನಾಲ್ಕಿವೆ. ಒಂದು ಮೂಲೇಲಿ ಕಲ್ಲು ಜೋಡಿಸಿ ಮೇಲಿಂದ ನೀರು ಬೀಳೋ ಥರ ಮಾಡಿದೀವಿ, ಅದಕ್ಕೊಂದು ಸಣ್ಣ ಪಂಪು ಬೆಳಗ್ಗೆಯಿಂದ ರಾತ್ರಿವರೆಗೂ ಓಡ್ತಿರುತ್ತೆ.

ಚಳಿಗಾಲದವರೆಗೂ ಏನೂ ಗೊತ್ತಾಗ್ಲಿಲ್ಲ, ಈಗ ಮಾರ್ಚ್ ಬಂದ್ಮೇಲೆ ದಿನಾ ಒಂದಿಂಚಿಗಿಂತ ಜಾಸ್ತಿ ಇಳೀತಿದೆ. ಬೋರ್ ನೀರು ಬಿಟ್ಟೂ ಬಿಟ್ಟೂ ಅಪ್ಪ "ಆ ಗುಂಡಿ ಮುಚ್ಚಿ ನುಗ್ಗೆ ಗಿಡ ನೆಡ್ತೀನಿ" ಅಂತಿದಾರೆ. ಮೇಸ್ತ್ರಿ ಬಂದು ನೋಡಿ, ಎರಡು ನಿಮಿಷನೂ ನಿಲ್ಲದೆ, ಒಳಗಿನ ಗಾರೆ ಪೂರ್ತಿ ಕಿತ್ತು ಹೊಸದಾಗಿ ಮಾಡಿ ವಾಟರ್‌ಪ್ರೂಫ್ ಕೋಟಿಂಗ್ ಹೊಡೀಬೇಕು ಅಂದ್ರು, ರೇಟ್ ಕೇಳಿ ನಂಗೆ ತಲೆ ತಿರುಗ್ತು. ಗೋಡೇಲಿ ಅಲ್ಲಲ್ಲಿ ಕೂದಲೆಳೆ ಥರ ಬಿರುಕಿದೆ, ಆದ್ರೆ ಸೋರ್ತಿರೋದು ಅದರಲ್ಲೇ ಅಂತ ಹೇಳೋದು ಹೆಂಗೆ? ಎಲ್ಲಾ ಒಡೆಯೋಕ್ ಮುಂಚೆ ಜಾಗ ಹುಡುಕೋಕೆ ದಾರಿ ಇದ್ರೆ ಹೇಳಿ.

ಗಾರೆಗುಂಡ

ಮೇಸ್ತ್ರಿ ಹೇಳಿದ್ದೇ ಸರಿ ಸರ್. ಒಂದ್ಸಲ ದುಡ್ಡು ಹೋದ್ರೂ ಪೂರ್ತಿ ಮಾಡ್ಸಿಬಿಡಿ, ತೇಪೆ ಹಾಕ್ತಾ ಕೂತ್ರೆ ಇಲ್ಲಿ ಮುಚ್ಚಿದ್ರೆ ಅಲ್ಲಿ ಬರುತ್ತೆ.

ನೀರಗಂಟಿ (ಮೈಸೂರು)

ಮೇಲಿನೋರು ಹೇಳಿದ್ದನ್ನ ನಾನು ಒಪ್ಪಲ್ಲ. ಸೋರೋ ಜಾಗ ಗೊತ್ತಿಲ್ದೆ ಇಡೀ ಕೊಳಕ್ಕೆ ಗಾರೆ ಮಾಡ್ಸಿ, ಆಮೇಲೆ ನೋಡಿದ್ರೆ ಸೋರ್ತಿದ್ದಿದ್ದು ಆ ಕಲ್ಲಿನ ಗುಡ್ಡೆ ಹಿಂದೆ ಅಂತ ಗೊತ್ತಾಗಿರೋ ಮನೆಗಳನ್ನ ನಾನೇ ನೋಡಿದೀನಿ. ಮೇಲಿಂದ ನೀರು ಬೀಳ್ಸೋ ಕೊಳ ಅಂದ್ರೆ ಮೊದಲ ಅನುಮಾನ ಯಾವಾಗ್ಲೂ ಆ ಬೀಳೋ ಜಾಗದ ಮೇಲೇ, ಗೋಡೆ ಮೇಲಲ್ಲ.

ಮೊದಲು ಆವಿ ಎಷ್ಟು ಸೋರಿಕೆ ಎಷ್ಟು ಅಂತ ಬೇರೆ ಮಾಡ್ಕೊಳ್ಳಿ. ಬಯಲುಸೀಮೆ ಬೇಸಿಗೇಲಿ ಬಿಸಿಲು ಗಾಳಿ ಎರಡೂ ಇದ್ರೆ ದಿನಕ್ಕೆ 6ರಿಂದ 8 ಮಿಲಿಮೀಟರ್ ಸುಮ್ನೆ ಹಾರಿ ಹೋಗುತ್ತೆ, ಅದಕ್ಕೆ ಯಾವ ಮೇಸ್ತ್ರಿನೂ ಏನೂ ಮಾಡೋಕಾಗಲ್ಲ. ಒಂದು ಬಕೆಟ್‌ಗೆ ಕೊಳದ ನೀರನ್ನೇ ತುಂಬಿ, ಒಳಗೊಂದು ಕಲ್ಲಿಟ್ಟು, ಕೊಳದಲ್ಲೇ ಒಂದು ಇಟ್ಟಿಗೆ ಮೇಲೆ ನಿಲ್ಸಿ, ಅಂಚು ಮಾತ್ರ ನೀರಿಂದ ಮೇಲಿರ್ಲಿ. ಬಕೆಟ್ ಒಳಗಿನ ಮಟ್ಟಕ್ಕೊಂದು ಗೆರೆ, ಹೊರಗೆ ಕೊಳದ ಮಟ್ಟಕ್ಕೊಂದು ಗೆರೆ ಮಾರ್ಕರ್‌ನಲ್ಲಿ ಎಳೀರಿ. ಒಂದಿಡೀ ದಿನ ನೀರು ಬಿಡ್ಬೇಡಿ, ಪಂಪ್ ಆಫ್ ಇರ್ಲಿ. ಮಾರನೇ ದಿನ ಎರಡನ್ನೂ ಸ್ಕೇಲ್ ಇಟ್ಟು ಅಳೆದ್ರೆ ಎರಡಕ್ಕೂ ಇರೋ ವ್ಯತ್ಯಾಸನೇ ನಿಮ್ಮ ಸೋರಿಕೆ. ತಾವರೆ ಎಲೆ ದಟ್ಟವಾಗಿದ್ರೆ ಅದೂ ಒಂಚೂರು ಕುಡಿಯುತ್ತೆ, ಮಿಲಿಮೀಟರ್ ಲೆಕ್ಕದಲ್ಲಿ ತಲೆ ಕೆಡಿಸ್ಕೋಬೇಡಿ.

ಆಮೇಲೆ ಅದೇ ಪರೀಕ್ಷೆ ಪಂಪ್ ಆನ್ ಮಾಡಿ ಇನ್ನೊಂದು ದಿನ. ಆನ್ ಇದ್ದಾಗ ಮಾತ್ರ ಜೋರಾಗಿ ಇಳಿದ್ರೆ ತಪ್ಪು ಪೈಪಲ್ಲೋ ಕಲ್ಲಲ್ಲೋ ಇದೆ, ಎರಡು ದಿನಾನೂ ಒಂದೇ ಥರ ಇಳಿದ್ರೆ ಕೊಳದಲ್ಲೇ ಇದೆ. ನಿಮ್ಮ ಅಳತೆಗೆ ಒಂದು ಸೆಂಟಿಮೀಟರ್ ಇಳಿದ್ರೆ ಸುಮಾರು 56 ಲೀಟರ್ ಹೋಯ್ತು ಅಂತ. ಪಂಪ್ ಆಫ್ ಇದ್ದಾಗ ಮೀನಿನ ಮೇಲೆ ಕಣ್ಣಿರ್ಲಿ, ಕೋಯಿ ಬೆಳಗಿನ ಜಾವ ಮೇಲೆ ಬಂದು ಬಾಯಿ ಬಡೀತಿದ್ರೆ ಗಾಳಿ ಸಾಲ್ತಿಲ್ಲ ಅಂತರ್ಥ, ಅಕ್ವೇರಿಯಂ ಏರ್ ಪಂಪ್ ಒಂದು ಹಾಕಿ.

ಎರಿಹೊಲ (ಧಾರವಾಡ)

ನೀರಗಂಟಿ ಅವ್ರು ಹೇಳಿದ್ದು ಖರೆ ಐತ್ರಿ. ಅದರ ಜೋಡಿ ಒಂದು ಮಾತು. ನಿಮ್ಮ ಹಿತ್ತಲದಾಗ ಯಾವ ಮಣ್ಣು ಐತಿ? ನಮ್ಮ ಕಡೆ ಎರಿ ಭೂಮಿ, ಅಂದ್ರ ಕರಿ ಮಣ್ಣು, ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕೈ ಹೋಗುವಂಗ ಬಿರಿತೈತಿ. ಅದರ ಮ್ಯಾಲ ಇಟ್ಟಂಗಿ ಕಟ್ಟಿ ಸಿಮಿಟ್ ಮೆತ್ತಿದ್ರ ಎಷ್ಟ ಸಲ ಬಿರುಕ ಮುಚ್ಚಿದ್ರೂ ವರ್ಷಾ ವರ್ಷಾ ಹೊಸಾದು ಬರತೈತಿ. ಅಂಥಾ ಕಡೆ ಸಿಮಿಟ್ ನಂಬಬ್ಯಾಡ್ರಿ, ಒಳಗ ರಬ್ಬರ್ ಶೀಟ್ ಹಾಸೋದ ಛಲೋ, ಭೂಮಿ ಅಲ್ಲಾಡಿದ್ರ ಅದೂ ಅಲ್ಲಾಡತೈತಿ. ಮಜಾ ಏನಂದ್ರ, ಅದ ಎರಿ ಭೂಮ್ಯಾಗ ಕೃಷಿಹೊಂಡ ತೋಡಿದ್ರ ಒಮ್ಮೆ ನೆನದ ಮ್ಯಾಲ ಹಾಳಿ ಇಲ್ಲದನೂ ನೀರ ಹಿಡಿತೈತಿ, ಮಸಾರಿಗೆ (ಕೆಂಪ ಮಣ್ಣಿಗೆ) ಆದ್ರ ಹಾಳಿ ಬೇಕ ಬೇಕು.

ನೈದಿಲೆಕೊಳ (ತುಮಕೂರು)

ಥ್ಯಾಂಕ್ಸ್ ಎಲ್ರಿಗೂ. ನಮ್ದು ಕೆಂಪು ಮಣ್ಣು. (ಗಾರೆಗುಂಡ ಅವ್ರೇ, ಸರ್ ಅಲ್ಲ, ಮೇಡಂ.) ನಾಳೆಯಿಂದಾನೇ ಬಕೆಟ್ ಇಡ್ತೀನಿ.

ತೋಟದಕೆರೆ (ಸಿರಸಿ)

ನಮ್ ಕಡೆ ಸಿಮೆಂಟ್ ಕೊಳ ಕಮ್ಮಿ, ತೋಟದಲ್ಲಿ ಮಣ್ಣಿನ ಕೆರೆಗಳೇ ಜಾಸ್ತಿ. ಅದರಲ್ಲಿ ಸೋರಿಕೆ ಅಂದ್ರೆ ಮುಕ್ಕಾಲು ಪಾಲು ಏಡಿ ಕೆಲ್ಸ ಮಾರಾಯ್ರೆ. ದಂಡೇಲಿ ಬಿಲ ತೋಡ್ತವೆ, ನೀರಿನ ಕಡೆ ಒಂದು ಬಾಯಿ, ಆಚೆ ಕಡೆ ಒಂದು ಬಾಯಿ, ಮಳೆಗಾಲದಲ್ಲಿ ಅದೇ ದೊಡ್ಡದಾಗಿ ದಂಡೆನೇ ಕುಸಿದ್ರೂ ಕುಸೀಬಹುದು. ಬಾಯಿಗೆ ಮಾತ್ರ ಮಣ್ಣು ಮೆತ್ತಿದ್ರೆ ಮಾರನೇ ದಿನ ಪಕ್ಕದಲ್ಲೇ ಇನ್ನೊಂದು, ಅದಕ್ಕೆ ಬಿಲ ಹಿಡಿದು ಕೊನೆವರೆಗೂ ಅಗೆದು ಜಿಗುಟು ಮಣ್ಣು ತುಂಬಿ ಅಡಿ ಅಡಿಗೂ ದಿಮ್ಮಸು ಹೊಡೀಬೇಕು. ಕೆರೆ ತಳನೇ ಇಂಗ್ತಿದ್ರೆ ಬೇಸಿಗೇಲಿ ನೀರು ಬತ್ತಿದಾಗ ಗೋಡು ಮಣ್ಣೋ ಜೇಡಿಮಣ್ಣೋ ತಂದು ಹರಡಿ, ನೀರು ಬಿಟ್ಟು, ಕೆಸರು ತುಳೀತಾರೆ. ಹಳಬರು ಕೋಣ ಎತ್ತು ಬಿಟ್ಟು ತುಳಿಸ್ತಿದ್ರು, ಈಗ ಟಿಲ್ಲರ್. ತುಳಿದಷ್ಟೂ ಮಣ್ಣಿನ ಸಂದು ಮುಚ್ಚಿ ನೀರು ನಿಲ್ಲುತ್ತೆ. ಅಂಗಡೀಲಿ ಬೆಂಟೊನೈಟ್ ಅಂತ ಪುಡಿ ಸಿಗುತ್ತೆ, ಅದೂ ಜೇಡಿಯೇ, ನೀರು ಸೋಕಿದ್ರೆ ಉಬ್ಬಿ ಸಂದು ಮುಚ್ಚುತ್ತೆ.

ನಿಮ್ಮ ಕೊಳದ ಹತ್ರ ತೆಂಗು, ಬಿದಿರು, ಆಲದ ಜಾತಿ ಗಿಡ ಏನಾದ್ರೂ ಇದ್ಯಾ ನೋಡಿ. ಬೇರು ನೀರಿನ ವಾಸನೆ ಹಿಡ್ಕೊಂಡು ಬಂದು ಬಿರುಕಲ್ಲಿ ನುಗ್ಗುತ್ತೆ. ಗೋಡೆ ಹೊರಗೆ ಒಂದೇ ಕಡೆ ಹುಲ್ಲು ಹಸಿರಾಗಿದ್ರೆ ಅಲ್ಲೇ ಅಗೆದು ನೋಡಿ.

ಮಂಜುಹನಿ (ಇಂಗ್ಲೆಂಡ್)

ಇಲ್ಲಿ ಹಿತ್ತಲ ಕೊಳ ಅಂದ್ರೆ ಹೆಚ್ಚಾಗಿ ಇಪಿಡಿಎಂ ರಬ್ಬರ್ ಲೈನರ್. ಅದು ತೂತಾಗೋದು ನಾವಂದ್ಕೊಂಡಷ್ಟು ಸಾಮಾನ್ಯ ಅಲ್ಲ, ಜಾಸ್ತಿ ತೊಂದ್ರೆ ಕೊಡೋದು ಅಂಚು. ಒಂದು ಕಡೆ ಮಣ್ಣು ಕುಸಿದು ಶೀಟಿನ ಅಂಚು ಒಂದಿಂಚು ತಗ್ಗಿದ್ರೆ ಅಲ್ಲಿಂದ ಸದ್ದಿಲ್ದೆ ಹರಿದು ಹೋಗ್ತಿರುತ್ತೆ. ಇನ್ನೊಂದು, ಅಂಚಿನ ಹುಲ್ಲು ಪಾಚಿ ಕೊಳದ ಒಳಗೆ ಇಳಿಬಿದ್ದಿದ್ರೆ ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ ನೀರನ್ನ ಎಳೆದು ಪಕ್ಕದ ಒಣ ಮಣ್ಣಿಗೆ ಹಾಕ್ತಾನೇ ಇರುತ್ತೆ. ಅದನ್ನ ಕತ್ತರಿಸಿ ಎರಡು ದಿನ ನೋಡಿ, ಖರ್ಚಿಲ್ಲದ ರಿಪೇರಿ.

ಶೀಟ್ ಹಾಕೋ ಯೋಚನೆ ಇರೋರಿಗೆ, ತೇಪೆ ಹಾಕೋಕ್ ಮುಂಚೆ ಯಾವ ಶೀಟ್ ಅಂತ ತಿಳ್ಕೊಳ್ಳಿ. ಇಪಿಡಿಎಂಗೆ ಅದರದ್ದೇ ಪ್ರೈಮರು, ಅದರದ್ದೇ ಟೇಪು. ಪಿವಿಸಿಗೆ ಪಿವಿಸಿ ತುಂಡು, ಪಿವಿಸಿ ಅಂಟು. ನಮ್ಮೂರ ಕೃಷಿಹೊಂಡಕ್ಕೆ ಹಾಕೋ ಪ್ಲಾಸ್ಟಿಕ್ ಶೀಟ್ ಎಚ್‌ಡಿಪಿಇ ಇದ್ಯಲ್ಲ, ಅದಕ್ಕೆ ಯಾವ ಅಂಟೂ ನೆಟ್ಟಗೆ ಹಿಡಿಯಲ್ಲ, ಬಿಸಿಗಾಳಿ ಮೆಷಿನ್‌ನಲ್ಲಿ ಕರಗಿಸಿ ಬೆಸೀಬೇಕು.

ನೈದಿಲೆಕೊಳ (ತುಮಕೂರು)

ಬಕೆಟ್ ಪರೀಕ್ಷೆ ಆಯ್ತು. ಪಂಪ್ ಆಫ್ ಇದ್ದಾಗ ಬಕೆಟ್‌ನಲ್ಲಿ 7 ಮಿಲಿಮೀಟರ್, ಕೊಳದಲ್ಲಿ 12. ಪಂಪ್ ಆನ್ ಮಾಡಿದ ದಿನ ಬಕೆಟ್ ಅಷ್ಟೇ, ಕೊಳ ಮಾತ್ರ 35! ಅಂದ್ರೆ ದಿನಕ್ಕೆ ಹತ್ತತ್ರ 200 ಲೀಟರ್ ಹೋಗ್ತಿದೆ, ಅದರಲ್ಲಿ ಗೋಡೆ ತಪ್ಪು ತೀರಾ ಕಮ್ಮಿ. ಅಪ್ಪಂಗೆ ತೋರ್ಸಿದೆ, ನುಗ್ಗೆ ಗಿಡ ಸದ್ಯಕ್ಕೆ ಮುಂದಕ್ಕೆ ಹೋಯ್ತು.

ಕಲ್ಲು ಒಂದೊಂದೇ ಎತ್ತಿ ನೋಡಿದ್ರೆ ಸಂದಿಗೆ ಮೆತ್ತಿದ್ದ ಸಿಮೆಂಟ್ ಅಲ್ಲಲ್ಲಿ ಬಿಟ್ಕೊಂಡಿದೆ, ಹಿಂದಿನ ಮಣ್ಣು ಹಿಂಡಿದ್ರೆ ನೀರು ಬರೋ ಅಷ್ಟು ಒದ್ದೆ. ಆದ್ರೆ ಆ ಉಳಿದ 5 ಮಿಲಿಮೀಟರ್ ಎಲ್ಲಿ ಹೋಗ್ತಿದೆ ಅಂತ ಇನ್ನೂ ಗೊತ್ತಾಗಿಲ್ಲ.

ನೀರಗಂಟಿ (ಮೈಸೂರು)

ಭೇಷ್. ಕಲ್ಲಿಂದು ಸುಲಭ. ಸಂದಿಗೆ ಮತ್ತೆ ಸಿಮೆಂಟ್ ಮೆತ್ತೋಕೆ ಹೋಗ್ಬೇಡಿ, ಮತ್ತೆ ಬಿಡುತ್ತೆ. ಕಲ್ಲೆಲ್ಲಾ ತೆಗೆದು ಕೆಳಗೆ ರಬ್ಬರ್ ಶೀಟ್ ಒಂದು ಹಾಸಿ, ಎರಡೂ ಬದಿ ಅಂಚು ಮೇಲಕ್ಕೆ ಮಡಚಿರ್ಲಿ, ಕೆಳಗಿನ ತುದಿ ಕೊಳದ ಒಳಗೆ ಇಳಿಬಿದ್ದಿರ್ಲಿ. ಅದರ ಮೇಲೆ ಕಲ್ಲು ಜೋಡಿಸಿ. ಕಲ್ಲಿನ ಸಂದೀಲಿ ನೀರು ಎಲ್ಲಿ ಬೇಕಾದ್ರೂ ನುಗ್ಲಿ, ಶೀಟ್ ಮೇಲೆ ಹರಿದು ಕೊಳಕ್ಕೇ ಬರುತ್ತೆ. ಪಂಪ್ ಜೋರು ಜಾಸ್ತಿ ಇದ್ದು ಹನಿ ಹೊರಗೆ ಸಿಡೀತಿದ್ರೆ ವಾಲ್ವ್ ಒಂಚೂರು ತಿರುಗ್ಸಿ.

ಉಳಿದಿದ್ದಕ್ಕೆ, ಪಂಪ್ ಆಫ್ ಮಾಡಿ ನೀರನ್ನ ಅದರಷ್ಟಕ್ಕೆ ಇಳಿಯೋಕೆ ಬಿಡಿ, ದಿನಾ ಬಕೆಟ್ ಜೊತೆ ಹೋಲಿಸಿ. ಬಕೆಟ್ ಎಷ್ಟು ಇಳಿಯುತ್ತೋ ಕೊಳನೂ ಅಷ್ಟೇ ಇಳಿಯೋಕೆ ಶುರುವಾಯ್ತು ಅಂದ್ರೆ ಸೋರಿಕೆ ನಿಂತ್ತು ಅಂತ, ತೂತು ಆ ಮಟ್ಟದಲ್ಲೇ ಅಥವಾ ಅದಕ್ಕೆ ಸ್ವಲ್ಪ ಮೇಲೆ ಎಲ್ಲೋ ಇರುತ್ತೆ. ತಳದವರೆಗೂ ನಿಲ್ಲದಿದ್ರೆ ಗೋಡೆ ತಳ ಸೇರೋ ಮೂಲೆ ನೋಡಿ. ಮೀನಿಗೆ ಒಂದಡಿ ನೀರಾದ್ರೂ ಇರ್ಲಿ, ಬಿಸಿಲಿಗೆ ಕಾಯದ ಹಾಗೆ ಮೇಲೊಂದು ನೆರಳು ಬಲೆ ಕಟ್ಟಿ.

ಮಟ್ಟ ಗೊತ್ತಾದ್ಮೇಲೆ ಹಾಲಿನ ಪರೀಕ್ಷೆ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಒಂಚೂರು ಹಾಲು ತಗೊಂಡು, ನೀರು ಕದಡದೆ, ಅನುಮಾನ ಇರೋ ಬಿರುಕಿನ ಹತ್ರ ಒಂದೊಂದೇ ಹನಿ ಬಿಡಿ. ಸೋರಿಕೆ ಇಲ್ಲದ ಕಡೆ ಹಾಲು ಹೊಗೆ ಎದ್ದಂಗೆ ಅಲ್ಲೇ ನಿಲ್ಲುತ್ತೆ, ಇರೋ ಕಡೆ ಗೆರೆ ಎಳೆದ ಹಾಗೆ ಒಳಗೆ ಹೋಗುತ್ತೆ.

ಗಾರೆಗುಂಡ

ಅರಿಶಿನದ ನೀರು ಬಿಟ್ರೆ ಆಗಲ್ವಾ?

ನೀರಗಂಟಿ (ಮೈಸೂರು)

ಅರಿಶಿನ ಕರಗಲ್ಲ, ಪುಡಿ ತಳಕ್ಕೆ ಕೂರುತ್ತೆ, ಎಲ್ಲಿ ಹೋಯ್ತು ಅಂತ ಕಾಣಲ್ಲ. ಹಾಲು ಬೇಡ ಅಂದ್ರೆ ಅಡುಗೆಗೆ ಹಾಕೋ ಬಣ್ಣ ಆಗುತ್ತೆ. ಹಾಲು ಅಂತ ಲೋಟಗಟ್ಟಲೆ ಸುರೀಬೇಡಿ ಅಷ್ಟೇ, ನೀರು ಕೆಟ್ಟು ವಾಸನೆ ಬರುತ್ತೆ, ಮೀನಿಗೂ ಒಳ್ಳೇದಲ್ಲ.

ನೈದಿಲೆಕೊಳ (ತುಮಕೂರು)

ಸಿಕ್ತು!! ನೀರು ಖಾಲಿ ಮಾಡೋಕೆ ಅಂತ ಗೋಡೇಲಿ ಒಂದೂಕಾಲಿಂಚಿನ ಪಿವಿಸಿ ಪೈಪ್ ಕೂರ್ಸಿದಾರೆ, ನೀರು ಸರಿಯಾಗಿ ಅದರ ಮೇಲಂಚಿನ ಮಟ್ಟಕ್ಕೆ ಬಂದು ನಿಂತ್ತು. ಪೈಪ್ ಸುತ್ತ ಮೇಲ್ನೋಟಕ್ಕೆ ಏನೂ ಕಾಣಲ್ಲ, ಪಾಚಿ ಕಟ್ಟಿದೆ ಅಷ್ಟೇ. ಪಾಚಿ ಉಜ್ಜಿ ತೆಗೆದು, ಮತ್ತೆ ನೀರು ತುಂಬಿ ತಿಳಿಯಾದ್ಮೇಲೆ ಹಾಲು ಬಿಟ್ರೆ, ಪೈಪಿಗೂ ಗಾರೆಗೂ ಮಧ್ಯೆ ಸರ್ ಅಂತ ಒಳಗೆ ಎಳ್ಕೊಂಡು ಹೋಗ್ತು, ಅಪ್ಪನೇ ಬಗ್ಗಿ ನೋಡಿ "ಇನ್ನೊಂದ್ಸಲ ಬಿಡು" ಅಂದ್ರು. ಆ ಕೂದಲೆಳೆ ಬಿರುಕುಗಳಲ್ಲಿ ಒಂದೂ ಎಳೀಲಿಲ್ಲ. ಈಗ ಇದನ್ನ ಮುಚ್ಚೋದು ಹೆಂಗೆ? ಎಂ-ಸೀಲ್ ಮೆತ್ತಿದ್ರೆ ಸಾಕಾ?

ನೀರಗಂಟಿ (ಮೈಸೂರು)

ನುಣುಪು ಪಿವಿಸಿಗೆ ಸಿಮೆಂಟ್ ಯಾವತ್ತೂ ಹಿಡಿಯಲ್ಲ, ಬಿಸಿಲಿಗೆ ಪೈಪ್ ಹಿಗ್ಗಿ ಕುಗ್ಗಿ ಸಂದು ಬಿಡುತ್ತೆ. ಎಂ-ಸೀಲ್ ಥರದ್ದು ಮೇಲೆ ಮೆತ್ತಿದ್ರೆ ತಾತ್ಕಾಲಿಕ. ಸರಿಯಾಗಿ ಮಾಡೋದಾದ್ರೆ ನೀರನ್ನ ಪೈಪಿಗಿಂತ ಕೆಳಗೆ ಇಳಿಸಿ, ಪೈಪ್ ಸುತ್ತ ಉಳಿ ಸುತ್ತಿಗೆಯಲ್ಲಿ ಒಂದಿಂಚು ಅಗಲ ಒಂದಿಂಚು ಆಳ ನಿಧಾನಕ್ಕೆ ಕಡೀರಿ, ಜೋರಾಗಿ ಹೊಡೆದ್ರೆ ಪೈಪೇ ಸೀಳುತ್ತೆ. ಧೂಳು ತೊಳೆದು, ಪೈಪಿನ ಮೈಯನ್ನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಒರಟು ಮಾಡಿ, ಚೆನ್ನಾಗಿ ಒಣಗಿದ ಮೇಲೆ ಪೈಪಿನ ಬುಡಕ್ಕೆ ಸುತ್ತಲೂ ಪಾಲಿಯುರೆಥೇನ್ ಸೀಲಂಟ್ ಹಾಕಿ. ಅದು ಗಟ್ಟಿಯಾದ್ಮೇಲೆ ಉಳಿದ ಗುಂಡಿಗೆ ಕುಗ್ಗದ ಗ್ರೌಟ್ (ಸಂದಿಗೆ ತುಂಬೋ ಸಿಮೆಂಟ್ ಮಿಶ್ರಣ) ತುಂಬಿ, ಒದ್ದೆ ಗೋಣಿಚೀಲ ಹಾಕಿ ಒಂದು ವಾರ ಕ್ಯೂರಿಂಗ್ ಮಾಡಿ. ಬಿಸಿಲಿಗೆ ಒಣಗೋಕೆ ಬಿಟ್ರೆ ಹೊಸ ಬಿರುಕು ಗ್ಯಾರಂಟಿ.

ಮುಖ್ಯವಾದದ್ದು, ಹೊಸ ಸಿಮೆಂಟ್ ಸುಣ್ಣ ಬಿಡುತ್ತೆ, ನೀರಿನ ಪಿಎಚ್ (ಕ್ಷಾರದ ಅಳತೆ) ಏರುತ್ತೆ, ಮೀನು ಸಾಯ್ತವೆ. ನಿಮ್ದು ಅಂಗೈಯಗಲ ರಿಪೇರಿ, ನೀರು 4000 ಲೀಟರ್ ಮೇಲಿದೆ, ಆದ್ರೂ ಒಂದ್ಸಲ ತುಂಬಿ ಖಾಲಿ ಮಾಡಿ ಆ ನೀರನ್ನ ಗಿಡಕ್ಕೆ ಬಿಡಿ, ಮತ್ತೆ ತುಂಬಿ ಪಿಎಚ್ ಪಟ್ಟಿಯಲ್ಲಿ ನೋಡಿ. 8.5ರ ಒಳಗಿದ್ರೆ ಮೊದಲು ಗಪ್ಪಿ ಸ್ವಲ್ಪ ಬಿಡಿ, ಕೋಯಿ ಆಮೇಲೆ.

ನೈದಿಲೆಕೊಳ (ತುಮಕೂರು)

ಅಷ್ಟು ದಿನ ಕೋಯಿನ ಎಲ್ಲಿಡೋದು? 200 ಲೀಟರ್ ಡ್ರಮ್ ಒಂದಿದೆ.

ಎರಿಹೊಲ (ಧಾರವಾಡ)

ಒಂದ ಡ್ರಮ್ಮಿನಾಗ ನಾಲ್ಕೂ ಇಕ್ಕಟ್ಟ ಆಗ್ತಾವ್ರಿ ಅಕ್ಕಾರ, ಎರಡ ಡ್ರಮ್ ಮಾಡ್ರಿ, ಕೊಳದ ನೀರನ್ನ ತುಂಬ್ರಿ, ಏರ್ ಪಂಪ್ ಹಚ್ರಿ, ನೆಳ್ಳಾಗ ಇಡ್ರಿ. ತಿನ್ನಾಕ ಕಮ್ಮಿ ಹಾಕ್ರಿ, ಎರಡ ದಿನಕ್ಕೊಮ್ಮೆ ಕಾಲು ಭಾಗ ನೀರ ಬದಲ ಮಾಡ್ರಿ. ಮ್ಯಾಲ ಬಲಿ ಬಿಗದ ಕಟ್ಟೋದ ಮರೀಬ್ಯಾಡ್ರಿ, ಹೊಸಾ ಜಾಗಾದಾಗ ಕೋಯಿ ರಾತ್ರಿ ಹಾರತಾವ, ಮನ್ಯಾಗ ಬೆಕ್ಕ ಇದ್ರಂತೂ ಬಲಿ ಮ್ಯಾಲ ಒಂದು ಕಲ್ಲ ಇಡ್ರಿ.