ಮುಲ್ಕಿ, ಸಸಿಹಿತ್ಲು ಅಲೆಗೆ ಎಷ್ಟು ಲೀಟರಿನ ಸರ್ಫಿಂಗ್ ಬೋರ್ಡ್ ಬೇಕು?

ನೊರೆಹಾದಿ:
ತೂಕ 78 ಕೆಜಿ, ಎತ್ತರ 5 ಅಡಿ 9 ಇಂಚು. ಈಗ 9 ಅಡಿಯ ಫೋಮ್ ಬೋರ್ಡಿನಲ್ಲಿ ಒಡೆಯದ ಅಲೆ ಹಿಡಿದು ಎದ್ದು ನಿಲ್ಲಲು, ಬಲಕ್ಕೆ ತಿರುಗಿಸಲು ಬರುತ್ತದೆ. ಎಡಕ್ಕೆ ಅಷ್ಟಕ್ಕಷ್ಟೇ. ಅಕ್ಟೋಬರಿಂದ ಮೇವರೆಗೆ ಒಂದೇ ಬೋರ್ಡಿನಲ್ಲಿ ನಡೆಯಬೇಕು. ನೋಡಿಟ್ಟಿರೋದು ಎರಡು: 6 ಅಡಿ 2 ಇಂಚಿನದು 33 ಲೀಟರ್, 7 ಅಡಿಯದು 46 ಲೀಟರ್. ಚಿಕ್ಕದು ತಗೊಂಡ್ರೆ ಬೇಗ ಕಲೀಬಹುದು ಅಂತಾರೆ, ಹೌದಾ?

ಶಾಂಭವಿ ಅಳಿವೆ:
ಇಲ್ಲ ಮಾರಾಯ್ರೆ. ಲೀಟರ್ ಅಂದರೆ ಬೋರ್ಡಿನ ಒಟ್ಟು ಗಾತ್ರ, ಅದು ಹೆಚ್ಚಿದ್ದಷ್ಟೂ ಬೋರ್ಡ್ ಹೆಚ್ಚು ತೇಲುತ್ತದೆ. ಅದನ್ನು ನಿಮ್ಮ ತೂಕದಿಂದ, ಅಂದರೆ 33ನ್ನು 78ರಿಂದ ಭಾಗಿಸಿ, 0.42 ಬರುತ್ತದೆ. ಅದು ವಾರಕ್ಕೆ ಮೂರ್ನಾಲ್ಕು ದಿನ ನೀರಿಗಿಳಿಯುವವರ ಲೆಕ್ಕ. ನಿಮ್ಮ ಹಂತಕ್ಕೆ 0.6ರಿಂದ 0.7, ಅಂದರೆ 47ರಿಂದ 55 ಲೀಟರ್.

ಮಳೆಗಾಲ ಮುಗಿದ ಮೇಲೆ ಅಲ್ಲಿ ಹೆಚ್ಚಿನ ದಿನ 1ರಿಂದ 3 ಅಡಿಯ ಅಲೆ, ಅದಕ್ಕೆ ಬಲ ಕಮ್ಮಿ. ಅಂಥ ಅಲೆ ಬೋರ್ಡನ್ನು ತಾನಾಗಿ ಎತ್ತಿಕೊಳ್ಳುವುದಿಲ್ಲ, ಅದರ ವೇಗಕ್ಕೆ ನೀವೇ ಪ್ಯಾಡಲ್ ಮಾಡಿ (ಮಲಗಿ ಕೈಯಲ್ಲಿ ನೀರು ಹಿಂದಕ್ಕೆ ತಳ್ಳಿ) ಮುಟ್ಟಬೇಕು. ಲೀಟರ್ ಸಾಲದಿದ್ದರೆ ಬೋರ್ಡ್ ಅರ್ಧ ಮುಳುಗಿ ನೀರನ್ನು ತಳ್ಳುತ್ತಾ ಹೋಗುತ್ತದೆ. ಅಲೆ ಪೂರ್ತಿ ಕಡಿದಾದ ಮೇಲಷ್ಟೇ ಸಿಗುತ್ತದೆ, ಆಗ ಏಳಲು ಪುರುಸೊತ್ತಿಲ್ಲ. ಮೂತಿ ನೀರಿಗೆ ಹೊಕ್ಕು ಪಲ್ಟಿ. ದಿನಕ್ಕೆ ಎರಡು ಅಲೆ ಹಿಡಿದರೆ ತಿರುಗಿಸೋದು ಯಾವಾಗ ಕಲಿಯೋದು?

7 ಅಡಿ 6 ಇಂಚು ಉದ್ದ, 22 ಇಂಚು ಅಗಲ, ಎರಡೂ ಮುಕ್ಕಾಲು ಇಂಚು ದಪ್ಪದ್ದು ನೋಡಿ, 50 ಲೀಟರ್ ಆಸುಪಾಸು ಇರುತ್ತದೆ. ಇನ್ನೊಂದು, ಇಳಿತದ ಹೊತ್ತಿಗೆ ಅಳಿವೆಬಾಗಿಲಲ್ಲಿ ಹೊಳೆನೀರು ಹೊರಗೆ ಎಳೆಯುತ್ತದೆ. ಆಗ ಪ್ಯಾಡಲಿಗೆ ಸಿಗುವ ಪ್ರತಿ ಲೀಟರೂ ಲಾಭ.

ರೇಲ್ ಮತ್ತು ರಾಕರ್:
ಲೆಕ್ಕ ಸರಿ, ಆದರೆ ಬರೀ ಲೀಟರ್ ನೋಡಿ ದುಡ್ಡು ಕೊಡಬೇಡಿ. ತಳದಲ್ಲಿರುವ ಫಿನ್ (ರೆಕ್ಕೆ) ತೆಗೆದು ಬೋರ್ಡನ್ನು ಸಮತಟ್ಟು ನೆಲದ ಮೇಲಿಟ್ಟು ಬದಿಯಿಂದ ನೋಡಿ. ತಳದ ನಡುಭಾಗ ಉದ್ದಕ್ಕೆ ಚಪ್ಪಟೆಯಾಗಿ ಕೂತರೆ ಸಣ್ಣ ಅಲೆಗೆ ಒಳ್ಳೇದು. ಬಾಳೆಹಣ್ಣಿನ ಹಾಗೆ ಬಾಗಿದ್ದರೆ ಅದು ಕಡಿದಾದ ಅಲೆಯ ಬೋರ್ಡ್. 50 ಲೀಟರ್ ಇದ್ದರೂ ಡಿಸೆಂಬರಿನಲ್ಲಿ ಎಳೆದುಕೊಂಡು ಹೋದ ಹಾಗಿರುತ್ತದೆ. ಅಂಚು ತೀರಾ ದಪ್ಪ ಇದ್ದರೆ ತಿರುಗುವಾಗ ನೀರಿಗೆ ಕಚ್ಚುವುದಿಲ್ಲ, ನಿಮ್ಮ ಎಡತಿರುವು ಇನ್ನೂ ಕಷ್ಟ. ದಪ್ಪ ನಡುವಲ್ಲಿರಲಿ, ಅಂಚಿಗೆ ಬರುತ್ತಾ ತೆಳುವಾಗಲಿ.

46 ಲೀಟರಿನದನ್ನು ನಾನು ತಳ್ಳಿಹಾಕುವುದಿಲ್ಲ. ಏಪ್ರಿಲ್, ಮೇನಲ್ಲಿ ಅಲೆ ಎದೆಮಟ್ಟಕ್ಕೆ ಬಂದಾಗ ಅದೇ ಹಿತ. ನಿಮ್ಮ ಹೆಚ್ಚಿನ ದಿನಗಳು ಯಾವ ತಿಂಗಳಲ್ಲಿ ಅನ್ನೋದರ ಮೇಲೆ ತೀರ್ಮಾನ.

ನೊರೆಹಾದಿ:
ಹೆಚ್ಚಿನವು ನವೆಂಬರಿಂದ ಫೆಬ್ರವರಿ. ಹಾಗಾದ್ರೆ 7 ಅಡಿ 6 ಇಂಚಿಂದೇ. ಆದರೆ ಅಷ್ಟು ದೊಡ್ಡದನ್ನು ಒಡೆದ ಅಲೆಯ ನೊರೆಯ ಅಡಿಗೆ ಮುಳುಗಿಸಿ ದಾಟೋದು ಹೇಗೆ?

ಶಾಂಭವಿ ಅಳಿವೆ:
ಮುಳುಗಿಸಲಿಕ್ಕಾಗುವುದಿಲ್ಲ, ಪ್ರಯತ್ನವೂ ಬೇಡ. ಟರ್ಟಲ್ ರೋಲ್ ಮಾಡಿ. ನೊರೆ ಎರಡು ಮೀಟರ್ ದೂರ ಇರುವಾಗ ಬೋರ್ಡನ್ನು ನೇರ ಅದಕ್ಕೆ ತಿರುಗಿಸಿ, ಎದೆಯ ಪಕ್ಕ ಎರಡೂ ಅಂಚು ಬಿಗಿಯಾಗಿ ಹಿಡಿದು ಮಗುಚಿ. ಈಗ ನೀವು ನೀರಿನ ಕೆಳಗೆ, ಬೋರ್ಡ್ ನಿಮ್ಮ ಮೇಲೆ. ಮೂತಿಯನ್ನು ಸ್ವಲ್ಪ ಕೆಳಗೆಳೆಯಿರಿ, ನೊರೆ ದಾಟಿದ ಕೂಡಲೇ ಮೇಲೆ ಮಗುಚಿ. ಬೋರ್ಡ್ ಓರೆಯಾಗಿದ್ದರೆ ನೊರೆ ಅದನ್ನು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಬೋರ್ಡ್ ಬಿಟ್ಟು ಮುಳುಗುವ ಅಭ್ಯಾಸ ಮಾತ್ರ ಬೇಡ, ಹಿಂದಿರುವವರ ತಲೆಗೆ ಬೀಳುತ್ತದೆ.

ಜೂನಿಂದ ಆಗಸ್ಟ್‌ವರೆಗಿನ ಕಡಲಿಗೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ.

ರೇಲ್ ಮತ್ತು ರಾಕರ್:
ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) 8 ಅಡಿಯದು ತಗೊಳ್ಳಿ, ಬೋರ್ಡಿಗಿಂತ ಗಿಡ್ಡ ಆಗಬಾರದು. ಕಾಲು ಜಾರದ ಹಾಗೆ ಬೋರ್ಡಿಗೆ ಉಜ್ಜುವ ವ್ಯಾಕ್ಸ್ ಟ್ರಾಪಿಕಲ್ ಅಂತಲೇ ಕೇಳಿ, ತಣ್ಣೀರಿನದು ನಮ್ಮ ಬಿಸಿಲಿಗೆ ಕರಗಿ ಜಾರುತ್ತದೆ. ಹಳೇ ಬೋರ್ಡಾದರೆ ಎದ್ದು ನಿಲ್ಲುವ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಹೊರಗಿನ ಫೈಬರ್‌ಗ್ಲಾಸ್ ಪದರ ಒಳಗಿನ ಫೋಮಿಂದ ಬಿಟ್ಟಿದೆ ಅಂತ, ಬೇಡ.