ಮೂಗು ಸೋರುತ್ತಿದೆ, ಭಾನುವಾರ ಓಡಬಹುದೇ?

ಪ್ರಶ್ನೆ (ಬೀದರ್‌ನ ಸದಸ್ಯೆ, 34 ವರ್ಷ): ನಮಸ್ಕಾರ ಡಾಕ್ಟರೇ. ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಇದು ನನ್ನ ಮೊದಲ 42 ಕಿಲೋಮೀಟರ್. ಉಳಿದಿರುವುದು ಐದೇ ವಾರ. ಬೆಳಿಗ್ಗೆ ಐದಕ್ಕೆ ಕೋಟೆಯ ಕಡೆ ಓಡಲು ಹೊರಟರೆ ಇಲ್ಲಿ ಹತ್ತು ಡಿಗ್ರಿಯ ಆಸುಪಾಸು ಚಳಿ. ಮೂರು ದಿನದಿಂದ ನೆಗಡಿ, ಗಂಟಲು ಕೆರೆತ. ನಿನ್ನೆ ರಾತ್ರಿಯಿಂದ ಮೈಕೈ ನೋವು. ‘ಇಬ್ಬನಿಯಲ್ಲಿ ಓಡಿ ಓಡಿ ತಂದುಕೊಂಡೆ’ ಎಂದು ಅತ್ತೆ ಗದರಿದರು. ಈ ಭಾನುವಾರ 28 ಕಿಲೋಮೀಟರ್ ಓಡಬೇಕಿತ್ತು. ಬಿಟ್ಟರೆ ನಾಲ್ಕು ತಿಂಗಳ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆಯೇ?

ಉತ್ತರ (ವೈದ್ಯೆ): ಈ ಭಾನುವಾರ ಓಡಬೇಡಿ, ತಂಗಿ. ಬರೀ ಮೂಗು ಸೋರುತ್ತಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಮೈಕೈ ನೋವು ಎಂದು ಬರೆದಿದ್ದೀರಲ್ಲ, ಅದಕ್ಕೇ ಬೇಡ ಎನ್ನುತ್ತಿದ್ದೇನೆ.

ನಾವು ಕ್ರೀಡಾ ವೈದ್ಯರು ಕುತ್ತಿಗೆಯನ್ನು ಗಡಿಯಾಗಿ ಇಟ್ಟುಕೊಳ್ಳುತ್ತೇವೆ. ತೊಂದರೆ ಕುತ್ತಿಗೆಗಿಂತ ಮೇಲಿದ್ದರೆ, ಅಂದರೆ ಸೀನು, ಮೂಗು ಕಟ್ಟುವುದು, ಸ್ವಲ್ಪ ಗಂಟಲು ಕೆರೆತ ಇಷ್ಟೇ ಆದರೆ, ನಿಧಾನವಾಗಿ ಅರ್ಧ ಗಂಟೆ ಓಡಬಹುದು. ಹತ್ತು ನಿಮಿಷದಲ್ಲಿ ತಲೆ ಭಾರವಾದರೆ ಮನೆಗೆ ಮರಳಬೇಕು. ಎದೆಯಿಂದ ಬರುವ ಕೆಮ್ಮು, ಮೈಕೈ ನೋವು, ವಾಂತಿ, ಭೇದಿ ಇದ್ದರೆ ಓಟವಿಲ್ಲ. ಜ್ವರವಿದ್ದರಂತೂ ಮಾತೇ ಇಲ್ಲ. 1998ರಲ್ಲಿ ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಯಂಸೇವಕರಿಗೆ ನೆಗಡಿಯ ವೈರಸ್ಸನ್ನೇ ಕೊಟ್ಟು ಪರೀಕ್ಷಿಸಿದ್ದರು. ಮಿತವಾಗಿ ವ್ಯಾಯಾಮ ಮಾಡಿದವರಿಗೆ ನೆಗಡಿ ಹೆಚ್ಚು ದಿನ ಕಾಡಲಿಲ್ಲ, ಜೋರೂ ಆಗಲಿಲ್ಲ. ಆದರೆ ಅದು ಸಾಧಾರಣ ನೆಗಡಿಯ ಮಾತು, ಜ್ವರದ್ದಲ್ಲ.

ಜ್ವರದ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರಲು ಕಾರಣ ಹೃದಯ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಇಳಿದು ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಅಪರೂಪ, ಆದರೆ ಆ ಹೊತ್ತಿನಲ್ಲಿ ಕಷ್ಟಪಟ್ಟು ಓಡಿದರೆ ಬಡಿತ ಲಯ ತಪ್ಪಿ ಪ್ರಾಣಕ್ಕೇ ಕುತ್ತು ಬರಬಹುದು. ಜ್ವರದ ಮಾತ್ರೆ ನುಂಗಿ 21 ಕಿಲೋಮೀಟರ್ ಮುಗಿಸಿ, ವಾರದ ಮೇಲೆ ಎದೆನೋವೆಂದು ನನ್ನಲ್ಲಿಗೆ ಬಂದ ಹುಡುಗನೊಬ್ಬನಿಗೆ ಆರು ತಿಂಗಳು ಬೂಟು ಕಟ್ಟಬೇಡ ಎಂದು ಹೇಳಬೇಕಾಯಿತು. ಅವನ ಮುಖ ಇಂದಿಗೂ ಕಣ್ಣ ಮುಂದಿದೆ.

ಇಂದೇ ಥರ್ಮಾಮೀಟರ್ ಇಟ್ಟು ನೋಡಿ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ. ದಿನದ ಲೆಕ್ಕಕ್ಕಿಂತ ಹತ್ತು ಬಡಿತ ಹೆಚ್ಚಿದ್ದರೆ ಮೈ ಇನ್ನೂ ಹೋರಾಡುತ್ತಿದೆ ಎಂದೇ ತಿಳಿಯಿರಿ. ಇನ್ನು ಶ್ರಮ ಎಲ್ಲಿಗೂ ಹೋಗುವುದಿಲ್ಲ. ಒಂದು ವಾರ ಸುಮ್ಮನಿದ್ದರೆ ನಾಲ್ಕು ತಿಂಗಳಲ್ಲಿ ಗಳಿಸಿದ ದಮ್ಮು ಕರಗದು.

ಅತ್ತೆಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಇಬ್ಬನಿಯಲ್ಲಿ ನೆಗಡಿ ಇರುವುದಿಲ್ಲ. ಅದು ಬರುವುದು ವೈರಸ್‌ನಿಂದ, ಇನ್ನೊಬ್ಬರ ಕೈಯಿಂದ, ಉಸಿರಿನಿಂದ. ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಆದರೆ ಅದು ಮೈಯ 37 ಡಿಗ್ರಿಗಿಂತ ತಣ್ಣಗಿನ ಮೂಗಿನ 33 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಚಳಿಗೆ ಕಿಟಕಿ ಮುಚ್ಚಿಕೊಂಡು ಒಟ್ಟಿಗೆ ಕೂರುವುದರಿಂದ ಹರಡುವುದೂ ಸುಲಭ. ಓಡಿ ಬಂದು ಬೆವರಿನ ಅಂಗಿಯಲ್ಲೇ ಅರ್ಧ ಗಂಟೆ ಹರಟುತ್ತಾ ನಿಲ್ಲುವ ಅಭ್ಯಾಸವಿದ್ದರೆ ಬಿಡಿ. ಒಣ ಬಟ್ಟೆ ಮೊದಲು, ಚಹಾ ಆಮೇಲೆ.

ಪ್ರಶ್ನೆ (ಬೆಂಗಳೂರಿನ ಸದಸ್ಯ): ಮೇಡಂ, ಮ್ಯಾರಥಾನ್ ಮುಗಿದ ವಾರದಲ್ಲಿ ನನಗೆ ಪ್ರತಿ ಸಲ ನೆಗಡಿ. ಕಾಕತಾಳೀಯವೇ? ವಿಟಮಿನ್ ಸಿ ಮಾತ್ರೆಯಿಂದ ಪ್ರಯೋಜನವಿದೆಯೇ?

ಉತ್ತರ: ಹಾಗೆ ಅನಿಸುವುದು ನಿಮಗೊಬ್ಬರಿಗೇ ಅಲ್ಲ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ಮುಂದಿನ ವಾರ ನೂರಕ್ಕೆ ಸುಮಾರು 13 ಮಂದಿ ನೆಗಡಿ, ಗಂಟಲು ನೋವೆಂದು ಹೇಳಿದರು. ಅಷ್ಟೇ ತಯಾರಿ ನಡೆಸಿ ಓಡದೆ ಉಳಿದವರಲ್ಲಿ ನೂರಕ್ಕೆ ಎರಡರಷ್ಟು. ಇದರಲ್ಲಿ ಎಷ್ಟು ನಿಜವಾದ ಸೋಂಕು, ಎಷ್ಟು ಗಂಟೆಗಟ್ಟಲೆ ಒಣಗಾಳಿ ಎಳೆದುಕೊಂಡು ಕೆರಳಿದ ಗಂಟಲು ಎಂಬ ಚರ್ಚೆ ಮುಂದುವರಿದಿದೆ. ನಾನು ಕಂಡಂತೆ ನಿದ್ದೆಗೆಟ್ಟ ಪ್ರಯಾಣ, ನೂಕುನುಗ್ಗಲು, ಊಟದ ವ್ಯತ್ಯಾಸ ಎಲ್ಲವೂ ಕೈ ಜೋಡಿಸುತ್ತವೆ. ಸಾಮಾನ್ಯ ಜನರಿಗೆ ವಿಟಮಿನ್ ಸಿ ಮಾತ್ರೆ ನೆಗಡಿ ತಡೆಯುವುದಿಲ್ಲ. ವಿಚಿತ್ರವೆಂದರೆ ಮ್ಯಾರಥಾನ್ ಓಟಗಾರರು, ಹಿಮದಲ್ಲಿ ತರಬೇತಿ ಪಡೆಯುವ ಸೈನಿಕರಂಥವರ ಮೇಲಿನ ಕೆಲವು ಚಿಕ್ಕ ಪ್ರಯೋಗಗಳಲ್ಲಿ ಅದು ನೆಗಡಿಯನ್ನು ಅರ್ಧದಷ್ಟು ಇಳಿಸಿತ್ತು. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ನಾನು ಅದನ್ನೇ ಮಾಡುತ್ತೇನೆ. ಓಟದ ಮಾರನೆಯ ದಿನ ಮದುವೆ ಮನೆಗೆ ಹೋಗದಿರುವುದು ಇನ್ನೂ ಒಳ್ಳೆಯದು.

ಪ್ರಶ್ನೆ (ಚಿಕ್ಕಮಗಳೂರಿನ ಸದಸ್ಯ): ನೆಗಡಿ ಇಲ್ಲ, ಆದರೆ ಚಳಿಯಲ್ಲಿ ಜೋರಾಗಿ ಓಡಿ ನಿಂತ ಐದು ಹತ್ತು ನಿಮಿಷಕ್ಕೆ ಒಣಕೆಮ್ಮು, ಎದೆಯಲ್ಲಿ ಸುಯ್ ಎಂಬ ಸದ್ದು. ಶುಂಠಿ ಕಷಾಯ ಕುಡಿದರೂ ಹೋಗುತ್ತಿಲ್ಲ.

ಉತ್ತರ: ಕಷಾಯ ಗಂಟಲಿಗೆ ಹಿತ, ಈ ಕೆಮ್ಮಿಗೆ ಮದ್ದಲ್ಲ. ತಣ್ಣನೆಯ ಒಣಗಾಳಿ ರಭಸವಾಗಿ ಒಳಹೋದಾಗ ಶ್ವಾಸನಾಳದ ತೇವ ಆರಿ ಅದು ಬಿಗಿದುಕೊಳ್ಳುವ ಲಕ್ಷಣವಿದು. ಆಸ್ತಮಾ ಇಲ್ಲದವರಿಗೂ ಬರುತ್ತದೆ. ಕಾಲು ಗಂಟೆ ನಿಧಾನವಾಗಿ ಮೈ ಕಾಯಿಸಿಕೊಂಡು ಆಮೇಲೆ ವೇಗ ಹೆಚ್ಚಿಸಿ, ಮೂಗು ಬಾಯಿಗೆ ತೆಳು ಬಟ್ಟೆ ಸುತ್ತಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಉಸಿರಿನ ಪರೀಕ್ಷೆ ಮಾಡಿಸಿ. ಓಟಕ್ಕೆ ಮುಂಚೆ ಎಳೆದುಕೊಳ್ಳುವ ಇನ್‌ಹೇಲರ್ ಬಹಳ ಜನರಿಗೆ ಒಳ್ಳೆಯ ಗುಣ ಕೊಟ್ಟಿದೆ. ಆದರೆ ಗೆಳೆಯರ ಇನ್‌ಹೇಲರ್ ಎರವಲು ಪಡೆಯಬೇಡಿ.

ಪ್ರಶ್ನೆ (ಟೊರಾಂಟೊದಲ್ಲಿರುವ ಕನ್ನಡಿಗ): ಇಲ್ಲಿ ಮೈನಸ್ 15. ಶ್ವಾಸಕೋಶ ಹೆಪ್ಪುಗಟ್ಟುವುದಿಲ್ಲ ತಾನೇ?

ಉತ್ತರ: ಇಲ್ಲ, ಗಾಳಿ ಒಳಗೆ ತಲುಪುವಷ್ಟರಲ್ಲಿ ಬೆಚ್ಚಗಾಗಿರುತ್ತದೆ. ಹೆಪ್ಪುಗಟ್ಟುವ ಭಯವಿರುವುದು ಕಿವಿ, ಮೂಗಿನ ತುದಿ, ಬೆರಳುಗಳಿಗೆ. ಹೋಗುವಾಗ ಎದುರುಗಾಳಿಗೆ ಹೋಗಿ, ಬೆವರಿದ ಮೇಲೆ ಗಾಳಿ ಬೆನ್ನಿಗಿರಲಿ. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಬಾಯಾರಿಕೆ ಆಗದಿದ್ದರೂ ನೀರು ಮರೆಯಬೇಡಿ.

ಮರುಪ್ರಶ್ನೆ (ಬೀದರ್‌ನ ಸದಸ್ಯೆ): ಡಾಕ್ಟರೇ, ನಿನ್ನೆ 101 ಡಿಗ್ರಿ ಇತ್ತು, ಓಡಲಿಲ್ಲ. ಇಂದು ಮಾತ್ರೆ ಇಲ್ಲದೆಯೂ ಜ್ವರವಿಲ್ಲ. ನಾಳೆಯೇ ಶುರು ಮಾಡಲೇ?

ಉತ್ತರ: ನಾಳೆ ಬೇಡ. ಮಾತ್ರೆ ಇಲ್ಲದೆ ಎರಡು ದಿನ ಪೂರ್ತಿ ಕಳೆಯಲಿ. ಮೂರನೆಯ ದಿನ 20 ನಿಮಿಷದ ನಡಿಗೆ, ಮರುದಿನ 3 ಕಿಲೋಮೀಟರ್ ಹಗುರ ಓಟ, ಹೀಗೆ ಒಂದು ವಾರ ಅರ್ಧ ದೂರದಲ್ಲೇ ಇರಿ. ಎದೆನೋವು, ತಲೆಸುತ್ತು, ಬಡಿತ ತಪ್ಪಿದಂತೆ ಅನಿಸಿದರೆ ಓಟ ನಿಲ್ಲಿಸಿ ಇಸಿಜಿ ಮಾಡಿಸಿ. 28 ಕಿಲೋಮೀಟರನ್ನು ಅದರ ಮುಂದಿನ ಭಾನುವಾರಕ್ಕೆ ಇಡಿ. ಆಮೇಲೂ ದೂರ ಇಳಿಸಿಕೊಂಡು ದಣಿವಾರಿಸಿಕೊಳ್ಳಲು ಸಮಯವಿರುತ್ತದೆ. ಕೊನೆಯ ಎರಡು ವಾರ ಐದಕ್ಕಲ್ಲ, ಎಂಟು ಗಂಟೆಗೆ ಬಿಸಿಲಿನಲ್ಲಿ ಓಡಿ. ಬೀದರ್‌ನ ಚಳಿಗೆ ಒಗ್ಗಿದ ಮೈಗೆ ಮುಂಬೈಯ ಜಿಗುಟು ಸೆಕೆ ಪೆಡ್ಡರ್ ರಸ್ತೆಯ ಏರಿನಲ್ಲಿ ತುಂಬಾ ಕಷ್ಟ ಕೊಡುತ್ತದೆ. ಶುಕ್ರವಾರ ಬೆಳಗಿನ ನಾಡಿ ಎಷ್ಟಿತ್ತೆಂದು ಇಲ್ಲಿಯೇ ಬರೆಯಿರಿ, ನೋಡುತ್ತೇನೆ.