ಸೈನಿಕನ ಹೆಂಡತಿಯಾಗಿದ್ದ ಅಜ್ಜಿಯ ಬಗ್ಗೆ ಬರೆಯಬೇಕು, ಕಾಗದಗಳೆಲ್ಲ ಅಜ್ಜನವೇ ಇವೆ

ಗಂಗಾವಳಿ ದಂಡೆ (ಪ್ರಶ್ನೆ)

ನಮ್ಮದು ಅಂಕೋಲಾ ತಾಲ್ಲೂಕು. ಅಜ್ಜಿ ಹೋದ ಆಷಾಢದಲ್ಲಿ ತೀರಿಕೊಂಡಳು, ಎಂಬತ್ತನಾಲ್ಕು ವಯಸ್ಸಾಗಿತ್ತು. ವರ್ಷಾಂತಕ್ಕೆ ಬರುವ ಬಂಧುಗಳಿಗೆ ಹಂಚಲು ಸಣ್ಣ ಪುಸ್ತಿಕೆ ಮಾಡಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ದೊಡ್ಡಪ್ಪ ಕರಡು ಬರೆದು ಕಳುಹಿಸಿದರು. ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, 1955ರಲ್ಲಿ ಅಜ್ಜ ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಸೇರಿದ್ದು, ಪುಣೆಯ ಖಡಕಿಯಲ್ಲಿ ತರಬೇತಿ, 1962, 1965, 1971ರ ಯುದ್ಧಗಳು, ಹವಾಲ್ದಾರನಾಗಿ ನಿವೃತ್ತಿ, ಪದಕಗಳ ಪಟ್ಟಿ ಎಲ್ಲವೂ ಅದರಲ್ಲಿದೆ. ಅಜ್ಜಿ ಬರುವುದು ಕೊನೆಯ ಪುಟದಲ್ಲಿ: ‘ತ್ಯಾಗಮಯಿಯಾಗಿ ಪತಿಯ ಬೆನ್ನಿಗೆ ನಿಂತರು.’ ತೀರಿಕೊಂಡವಳು ಅಜ್ಜಿ, ಪುಸ್ತಿಕೆ ಅಜ್ಜನದು!

ದೊಡ್ಡಪ್ಪನನ್ನು ದೂರುತ್ತಿಲ್ಲ. ಬಿಳಿ ಬಣ್ಣದಲ್ಲಿ ಅಜ್ಜನ ನಂಬರು ಬರೆದಿರುವ ಕಪ್ಪು ಟ್ರಂಕನ್ನು ತೆರೆದರೆ ಯಾರಿಗಾದರೂ ಸಿಗುವುದು ಅಷ್ಟೇ. ಆದರೆ ನನಗೆ ಗೊತ್ತಿರುವ ಅಜ್ಜಿ ಬೇರೆ.

1958ರಲ್ಲಿ ಮದುವೆಯಾದಾಗ ಆಕೆಗೆ ಅಕ್ಷರ ಬರುತ್ತಿರಲಿಲ್ಲ. ತಿಂಗಳಿಗೊಮ್ಮೆ ಮನಿಯಾರ್ಡರ್ ಬರುತ್ತಿತ್ತು. ಹೆಬ್ಬೆಟ್ಟು ಒತ್ತಿದರೆ ಪಕ್ಕದಲ್ಲಿ ಸಾಕ್ಷಿಯ ಸಹಿ ಬೇಕು. ಸಾಕ್ಷಿ ಹಾಕಿದವನಿಗೆ ಎಷ್ಟು ಬಂತೆಂದು ತಿಳಿಯುತ್ತದೆ, ಸಂಜೆಯೊಳಗೆ ಸಾಲ ಕೇಳುವವರು ಅಂಗಳದಲ್ಲಿ ಕುಳಿತಿರುತ್ತಾರೆ. ಇದನ್ನು ಕೆಲವು ತಿಂಗಳು ನೋಡಿದ ಅಜ್ಜಿ ಮೈದುನನ ಪಾಟಿಯ ಮೇಲೆ ತನ್ನ ಹೆಸರು ಬರೆಯುವುದನ್ನು ಕಲಿತಳು. ಮೊದಲು ಸಹಿ ಬಂತು, ಓದು ಆಮೇಲೆ ಬಂತು.

1962ರಲ್ಲಿ ಅಜ್ಜ ಪೂರ್ವದ ಗಡಿಯಲ್ಲಿದ್ದ. ಊರಿನಲ್ಲಿ ರೇಡಿಯೊ ಇದ್ದದ್ದು ಒಂದೇ ಅಂಗಡಿಯಲ್ಲಿ, ಅಲ್ಲಿ ಹೆಂಗಸರು ಸುಮ್ಮನೆ ನಿಲ್ಲುವಂತಿರಲಿಲ್ಲ. ಆದ್ದರಿಂದ ಅಜ್ಜಿ ವಾರ್ತೆಯ ಹೊತ್ತಿಗೆ ಸರಿಯಾಗಿ ಬೆಂಕಿಪೊಟ್ಟಣ ಕೊಳ್ಳಲು ಹೋಗುತ್ತಿದ್ದಳು. ಚಿಲ್ಲರೆ ಎಣಿಸುವುದಕ್ಕೆ ಆಕೆಗೆ ಬಹಳ ಹೊತ್ತು ಹಿಡಿಯುತ್ತಿತ್ತಂತೆ. ನವೆಂಬರಿನಲ್ಲಿ ಯುದ್ಧ ನಿಂತಾಗ ಮನೆಯಲ್ಲಿ ಎರಡು ವರ್ಷಕ್ಕಾಗುವಷ್ಟು ಬೆಂಕಿಪೊಟ್ಟಣಗಳಿದ್ದವು. ಅತ್ತೆಯವರಿಂದ ಬೈಸಿಕೊಂಡಳು, ಕಾರಣ ಹೇಳಲಿಲ್ಲ.

ಈಗ ತಕರಾರಿನ ವಿಷಯ. ಅಜ್ಜನಿಗೆ 1970ರಲ್ಲಿ ಪಿಂಚಣಿ ಪಡೆದು ಮನೆಗೆ ಬರುವ ಅವಕಾಶವಿತ್ತು. ಅಜ್ಜಿ ಗಜನಿಯ (ಉಪ್ಪುನೀರಿನ ಪಕ್ಕದ ತಗ್ಗು ಭೂಮಿಯ) ಗದ್ದೆ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಮಾವ ಎಲ್ಲವನ್ನೂ ನೋಡಿಕೊಂಡು ದಾರಿ ಕಾಯುತ್ತಿದ್ದಳು. ಅಜ್ಜ ಆಕೆಯನ್ನು ಕೇಳದೆ ಸೇವೆ ಮುಂದುವರಿಸಲು ಬರೆದುಕೊಟ್ಟ. ಆ ಮಳೆಗಾಲ ಪೂರ್ತಿ ಅಜ್ಜಿ ಒಂದು ಕಾಗದವನ್ನೂ ಬರೆಯಲಿಲ್ಲ. ಮರುವರ್ಷವೇ ಡಿಸೆಂಬರಿನಲ್ಲಿ ಮತ್ತೆ ಯುದ್ಧ. ಇದನ್ನು ಬರೆಯುವುದು ಬೇಡ, ಅಜ್ಜಿಗೆ ಮರ್ಯಾದೆಯಲ್ಲ ಎಂದು ದೊಡ್ಡಪ್ಪ ಹೇಳುತ್ತಾರೆ. ಇದನ್ನು ಬಿಟ್ಟರೆ ಅಜ್ಜಿಯೇ ಇಲ್ಲ ಎಂದು ನನಗೆ ಅನಿಸುತ್ತದೆ.

ಸೇನೆಯ ದಾಖಲೆಗಳಲ್ಲಿ ಹೆಂಡತಿಯ ಬಗ್ಗೆ ಏನಾದರೂ ಸಿಗುತ್ತದೆಯೇ? ಆ ಮುನಿಸಿನ ವಿಷಯದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೆಯ ಕ್ಲರ್ಕ್, ಕುಮಟಾ

ಹವಾಲ್ದಾರ್ ಕ್ಲರ್ಕ್ ಆಗಿ ನಿವೃತ್ತನಾದವನು ನಾನು. ಎರಡನೆಯ ಪ್ರಶ್ನೆ ನನ್ನ ವ್ಯಾಪ್ತಿಗೆ ಬರುವುದಿಲ್ಲ, ಮೊದಲನೆಯದಕ್ಕೆ ಉತ್ತರಿಸುತ್ತೇನೆ.

ನಿವೃತ್ತಿಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ ಮನೆಯಲ್ಲೇ ಇರಬೇಕು, ಕುಟುಂಬದ ವಿವರ ಅದರಲ್ಲಿರುತ್ತದೆ. ಮದುವೆ, ಮಕ್ಕಳ ಜನನ ಇವೆಲ್ಲ ‘ಪಾರ್ಟ್ ಟು ಆರ್ಡರ್’ ಎಂಬ ಆದೇಶದಲ್ಲಿ ಪ್ರಕಟವಾಗಿ ದಾಖಲೆಗೆ ಸೇರುತ್ತಿದ್ದವು. ಬಾಂಬೆ ಸ್ಯಾಪರ್ಸ್‌ನ ರೆಕಾರ್ಡ್ ಕಚೇರಿ ಪುಣೆಯ ಖಡಕಿಯಲ್ಲಿದೆ. ಸೇವಾ ನಂಬರು, ಪಿಂಚಣಿ ಆದೇಶದ ಪ್ರತಿ ಮತ್ತು ಮಗನ ಸಹಿ ಇರುವ ಅರ್ಜಿ ಕಳುಹಿಸಿ. ನಿಮ್ಮ ಸಹಿಗಿಂತ ದೊಡ್ಡಪ್ಪನವರ ಸಹಿ ಸುಲಭವಾಗುತ್ತದೆ, ಆದ್ದರಿಂದ ಅವರೊಂದಿಗೆ ಜಗಳವಾಡಿಕೊಳ್ಳಬೇಡಿ. ದಾರಿ ತಿಳಿಯದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ.

ನೀವು ಹೇಳಿದ ಮನಿಯಾರ್ಡರ್ ‘ಫ್ಯಾಮಿಲಿ ಅಲಾಟ್‌ಮೆಂಟ್’ ಇರಬೇಕು. ಜವಾನನು ಬರೆದುಕೊಟ್ಟಷ್ಟು ಹಣವನ್ನು ಸಂಬಳದಲ್ಲಿ ಮುರಿದು ನೇರವಾಗಿ ಮನೆಗೆ ಕಳುಹಿಸುತ್ತಿದ್ದರು. ಆ ಮೊತ್ತ ಬದಲಾದ ತಿಂಗಳುಗಳನ್ನು ನೋಡಿ. ಮಗು ಹುಟ್ಟಿದಾಗ, ಬಡ್ತಿ ಬಂದಾಗ, ಮನೆಯಲ್ಲಿ ಸಾಲ ಇದ್ದಾಗ ಅದು ಏರುತ್ತದೆ. ಹಳೆಯ ಕಾಗದಗಳ ಮೇಲೆ ಊರಿನ ಹೆಸರು ಹುಡುಕಬೇಡಿ. ತುಕಡಿಯ ಹೆಸರು, 56 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಎಂದು ಮಾತ್ರ ಇರುತ್ತದೆ. ಗಂಡ ಹಿಮದಲ್ಲಿದ್ದಾನೋ ಮರಳಿನಲ್ಲಿದ್ದಾನೋ ಹೆಂಡತಿಗೆ ತಿಳಿಯದಿರಲೆಂದೇ ಆ ವ್ಯವಸ್ಥೆ ಎಂದು ನಮ್ಮ ಮನೆಯವಳು ಇಂದಿಗೂ ಹೇಳುತ್ತಾಳೆ.

ಅರ್ಗಾದವಳು

ತಂಗೀ, ನಾನು ನೌಕಾಪಡೆಯವರ ಹೆಂಡತಿ, ಎಪ್ಪತ್ತೈದು ದಾಟಿದೆ. ಮೊಮ್ಮಗ ಬೆರಳಚ್ಚು ಮಾಡುತ್ತಿದ್ದಾನೆ.

ಕಾರವಾರದ ಹತ್ತಿರದ ನಮ್ಮೂರಿನ ಎದುರಿಗೇ ಅಂಜದೀವ್ ದ್ವೀಪ. 1961ರ ನವೆಂಬರಿನಲ್ಲಿ ಪೋರ್ಚುಗೀಸರು ಅಲ್ಲಿಂದ ಹಡಗಿನ ಮೇಲೆ, ಆಮೇಲೆ ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದಾಗ ನಾನಿನ್ನೂ ಹುಡುಗಿ. ಮರುತಿಂಗಳು ನಮ್ಮ ನೌಕಾಪಡೆಯವರು ಆ ದ್ವೀಪಕ್ಕೆ ಇಳಿದರು. ಅಂಥವರನ್ನೇ ಮದುವೆಯಾಗಬೇಕೆಂದು ಆಗ ಅನಿಸಿತ್ತು, ಆದೆ. 1971ರ ಡಿಸೆಂಬರ್ 9ರಂದು ಖುಕ್ರಿ ಹಡಗು ಮುಳುಗಿತು. ನಮ್ಮವರು ಬೇರೆ ಹಡಗಿನಲ್ಲಿದ್ದರು, ಆದರೆ ಯಾವುದರಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಅವರ ಕಾಗದ ಬರುವವರೆಗೆ ಮನೆಯಲ್ಲಿ ಯಾರೂ ನನ್ನ ಮುಖ ನೋಡಿ ಮಾತನಾಡಲಿಲ್ಲ. ಬಂದ ಕಾಗದದಲ್ಲಿ ‘ಇಲ್ಲಿ ಎಲ್ಲ ಕ್ಷೇಮ, ಒಣಸಿಗಡಿ ಕಳುಹಿಸು’ ಎಂದಿತ್ತು. ಹರಿದು ಒಲೆಗೆ ಹಾಕಿದೆ. ಸಿಗಡಿಯನ್ನೂ ಕಳುಹಿಸಿದೆ.

ಸಿಟ್ಟು ಬರೆದರೆ ಮರ್ಯಾದೆ ಹೋಗುವುದಾದರೆ ನಮ್ಮ ಪೈಕಿ ಯಾರಿಗೂ ಮರ್ಯಾದೆ ಉಳಿಯುವುದಿಲ್ಲ. ಬರೆ. ‘ತ್ಯಾಗಮಯಿ’ಯನ್ನು ಮಾತ್ರ ತೆಗೆದುಹಾಕು. ಅದು ಶಾಲು ಹೊದಿಸುವವರ ಮಾತು.

ಅಜ್ಜಿ ಕ್ವಾರ್ಟರ್ಸಿನಲ್ಲಿ ಇದ್ದದ್ದುಂಟೇ? ಇದ್ದರೆ ಆ ದಿನಗಳನ್ನು ಕೇಳು. ಮನೆ ಬಿಡುವಾಗ ಸರ್ಕಾರದವರು ಬಂದು ಬಲ್ಬು, ನಲ್ಲಿ, ಕಿಟಕಿಯ ಗಾಜು ಎಣಿಸುತ್ತಾರೆ, ಕಡಿಮೆಯಾದರೆ ದುಡ್ಡು ಮುರಿಯುತ್ತಾರೆ. ಗಂಡ ಅಷ್ಟರಲ್ಲಿ ಹೊಸ ಜಾಗಕ್ಕೆ ಹೋಗಿರುತ್ತಾನೆ. ಬಾರದ ಹಿಂದಿಯಲ್ಲಿ ವಾದ ಮಾಡಿ ಲೆಕ್ಕ ಒಪ್ಪಿಸುವವಳು ಹೆಂಡತಿ. ನನ್ನ ಹಿಂದಿ ಹಾಗೆಯೇ ಬಂದದ್ದು. ನಮ್ಮ ಸ್ವಂತ ಮನೆಯಾದರೂ ಗಟ್ಟಿ ಎಂದುಕೊಂಡಿದ್ದೆ, ಅದೂ ಸೀಬರ್ಡ್ ನೌಕಾನೆಲೆಗೆ ಹೋಯಿತು. ಈಗ ತೋಡೂರಿನಲ್ಲಿದ್ದೇವೆ. ಅದನ್ನು ಶುರುಮಾಡಿದರೆ ಮೊಮ್ಮಗ ಎದ್ದು ಹೋಗುತ್ತಾನೆ.

ಶಿರಸಿ ಓದುಗ

ನನ್ನದು ಬೇರೆ ಅಭಿಪ್ರಾಯ. ವರ್ಷಾಂತದ ಪುಸ್ತಿಕೆಯನ್ನು ಜನ ಊಟದ ಪಂಕ್ತಿಗೆ ಕಾಯುತ್ತಾ ಓದುತ್ತಾರೆ. ‘ಗಂಡ ಹೆಂಡತಿಗೆ ಒಂದು ಮಳೆಗಾಲ ಮಾತಿರಲಿಲ್ಲವಂತೆ’ ಎಂಬುದಷ್ಟೇ ಬಾಯಿಂದ ಬಾಯಿಗೆ ಹೋಗುತ್ತದೆ, ಬೆಂಕಿಪೊಟ್ಟಣ ಹೋಗುವುದಿಲ್ಲ. ಅಜ್ಜನಿಗೂ ಅವನ ಕಾರಣ ಇದ್ದಿರಬಹುದು, ಹೇಳಲು ಈಗ ಅವನಿಲ್ಲ. ಮುದ್ರಿಸುವುದಕ್ಕೆ ಒಂದು, ಮನೆಯಲ್ಲಿಡುವುದಕ್ಕೆ ಒಂದು ಎಂದು ಎರಡು ಬರೆಯಿರಿ.

ಗಂಗಾವಳಿ ದಂಡೆ

ಎಲ್ಲರಿಗೂ ನಮಸ್ಕಾರ. ಶಿರಸಿಯವರೇ, ಎರಡು ಬರೆದರೆ ಮನೆಯಲ್ಲಿಡುವುದನ್ನು ಗೆದ್ದಲು ಓದುತ್ತದೆ. ಆದರೆ ಅಜ್ಜನ ಕಾರಣದ ಬಗ್ಗೆ ನೀವು ಹೇಳಿದ್ದು ಸರಿ, ದೊಡ್ಡಪ್ಪನನ್ನು ಕೇಳಿದೆ. ಅಜ್ಜ ತೋಳಿನ ಮೇಲಿನ ಮೂರನೆಯ ಪಟ್ಟಿಗೆ, ಅಂದರೆ ಹವಾಲ್ದಾರ್ ಬಡ್ತಿಗೆ, ಕಾಯುತ್ತಿದ್ದನಂತೆ. ಹವಾಲ್ದಾರನಾದರೆ ಪಿಂಚಣಿ ಹೆಚ್ಚು, ದೊಡ್ಡಪ್ಪನನ್ನು ಕಾಲೇಜಿಗೆ ಕಳುಹಿಸಬಹುದು ಎಂಬ ಲೆಕ್ಕ. ಅದನ್ನು ಅಜ್ಜಿಗೆ ಬರೆದಿದ್ದರೆ ಮುಗಿಯುತ್ತಿತ್ತು, ಬರೆಯಲಿಲ್ಲ. ಅಜ್ಜಿಯ ಕಾಗದ ನಿಂತಾಗ ಅವನು ನಮ್ಮೂರ ಶಾಲೆಯ ಮಾಸ್ತರರಿಗೆ ಬರೆದು, ಮನೆಯ ಕಡೆ ಹೋದರೆ ತೋಟದಲ್ಲಿ ಯಾರು ಕಾಣುತ್ತಾರೆ ನೋಡಿ ತಿಳಿಸಿ ಎಂದು ಕೇಳಿದ್ದನಂತೆ. ದೊಡ್ಡಪ್ಪ ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಇದೂ ಸೇರುವುದಾದರೆ ಮುನಿಸಿನ ವಿಷಯ ಬರೆಯಬಹುದು ಎಂದಿದ್ದಾರೆ. ಖಡಕಿಯ ಅರ್ಜಿಗೆ ಸಹಿಯನ್ನೂ ಹಾಕಿದರು.

ಅರ್ಗಾದ ಅಮ್ಮಾ, ಅಜ್ಜಿ ಎರಡು ವರ್ಷ ಖಡಕಿಯ ಕ್ವಾರ್ಟರ್ಸಿನಲ್ಲಿದ್ದಳು. ನೆರೆಯಲ್ಲಿದ್ದ ರತ್ನಾಗಿರಿಯ ಹೆಂಗಸಿಗೆ ನಮ್ಮ ಕಡೆಯ ಕರಿ ಇಶಾಡು ಮಾವಿನ ರಸವನ್ನು ಬಿಸಿಲಿನಲ್ಲಿ ಒಣಗಿಸುವುದನ್ನು ಕಲಿಸಿದ್ದಳಂತೆ. ಹಾಪುಸೋ ಇಶಾಡೋ ಎಂಬ ಜಗಳ ಇಬ್ಬರ ನಡುವೆ ಕಾಗದದಲ್ಲಿಯೂ ಮುಂದುವರಿದಿತ್ತು. ಆ ಕಾಗದಗಳು ಸಿಕ್ಕಿವೆ.

ಅರ್ಗಾದವಳು

ಗಂಡನಿಗೆ ಕೊನೆಗೆ ಏನೆಂದು ಬರೆದಳು? ಅದನ್ನು ಹೇಳಲೇ ಇಲ್ಲವಲ್ಲ.

ಗಂಗಾವಳಿ ದಂಡೆ

ಆ ಇನ್‌ಲ್ಯಾಂಡ್ ಪತ್ರ ಅಜ್ಜನ ಡಿಸ್ಚಾರ್ಜ್ ಬುಕ್ಕಿನ ಒಳಗೇ ಇತ್ತು. ಕ್ಷೇಮ ಸಮಾಚಾರವಿಲ್ಲ, ಒಕ್ಕಣೆಯಿಲ್ಲ. ‘ಎಮ್ಮೆ ಕರು ಹಾಕಿದೆ. ಗಜನಿಯ ಕಟ್ಟೆ ಒಡೆದು ಉಪ್ಪುನೀರು ಒಳಗೆ ಬಂದಿದೆ. ಮುಂದಿನ ತಿಂಗಳು ಐವತ್ತು ರೂಪಾಯಿ ಹೆಚ್ಚಿಗೆ ಬೇಕು. ಮಾಸ್ತರರನ್ನು ಕಳುಹಿಸಬೇಡಿ, ಅವರಿಗೆ ಮಂಡಿನೋವು.’